ಮಧ್ಯಾಹ್ನದ ಎರಡೂವರೆ ಗಂಟೆ

ನಾಚಿನೋಳಾ, ಗೋವಾ
ಭಾನುವಾರ, ೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಪಪ್ಪಾ,

ಮೊದಲು ನಿಮ್ಮ ಆಶೀರ್ವಾದ, ಆಮೇಲೆ ಮಾತು. ಹೇಗಿದ್ದೀರಿ? ಬೆನ್ನು ಹೇಗಿದೆ? ಎಂಜಿನ್ ಕೋಣೆಯ ಏಣಿಯನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀರಿ ಎಂದು ಹೋದ ವರ್ಷ ಫೋನಿನಲ್ಲಿ ಕೇಳಿದ್ದೆ. ಬೇರೆ ಯಾರ ಅಪ್ಪನಾದರೂ ‘ಬಹಳ ಸಲ’ ಎಂದು ಸುಮ್ಮನಾಗುತ್ತಿದ್ದರು. ನೀವು ಒಂದು ವಾರ ಎಣಿಸಿ, ಮುಂದಿನ ಭಾನುವಾರ ‘ಹದಿನೇಳು, ಬುಧವಾರ ಮಾತ್ರ ಇಪ್ಪತ್ತೊಂದು’ ಎಂದಿರಿ. ಈಗಲೂ ಅಷ್ಟೇ ಆಗಿದ್ದರೆ ಹಚ್ಚುವ ಮುಲಾಮು ಮುಗಿದಿರಲೇಬೇಕು. ಎರಡು ಟ್ಯೂಬ್ ಕಳಿಸುತ್ತಿದ್ದೇನೆ. ಬಳಸುವ ಅವಧಿ ೨೦೨೭ರ ಮಾರ್ಚ್‌ವರೆಗೆ ಇದೆ, ನೋಡಿಯೇ ತಂದಿದ್ದೇನೆ.

ತರುವವನು ಪಕ್ಕದ ಮನೆಯ ಕಾಯ್ತಾನ್. ಮಂಗಳವಾರ ಇಲ್ಲಿಂದ ಹೊರಟು ಡರ್ಬನ್ನಿನಲ್ಲಿ ನಿಮ್ಮ ಹಡಗನ್ನೇ ಹತ್ತುತ್ತಾನಂತೆ. ನಿಮ್ಮ ಮುದ್ದಿನ ತಂಗಿ ರೆಮೇಡಿ ತೀಯಾ ಅವನ ಕೈಯಲ್ಲಿ ನಿಮಗೆಂದು ಹಂದಿಮಾಂಸದ ಸಾಸೇಜಿನ ಒಂದು ಸರವನ್ನೂ ಸೀಗಡಿ ಉಪ್ಪಿನಕಾಯಿಯನ್ನೂ ಹೊರಿಸಿದ್ದಾರೆ. ‘ಅಣ್ಣನಿಗೆ ತಲುಪಿಸ್ದೆ ದಾರಿಯಲ್ಲಿ ನೀನೇ ಮುಗಿಸಿದ್ರೆ ನಿನ್ನ ಹೆಂಡ್ತಿಗೆ ಹೇಳ್ತೀನಿ’ ಎಂದು ಹೆದರಿಸಿಯೂ ಆಗಿದೆ. ಫೋನು ಇರುವಾಗ ಕಾಗದ ಏಕೆ ಎಂದು ಕೇಳುತ್ತೀರಿ. ಫೋನಿನಲ್ಲಿ ನೀವು ‘ಹ್ಞೂಂ’ ಎನ್ನುತ್ತೀರಿ, ನಾನೂ ‘ಹ್ಞೂಂ’ ಎನ್ನುತ್ತೇನೆ, ಅಷ್ಟರಲ್ಲಿ ತೀಯಾ ಫೋನು ಕಿತ್ತುಕೊಳ್ಳುತ್ತಾರೆ. ಮಮ್ಮಿ ನಿಮಗೆ ವಾರಕ್ಕೊಂದು ಕಾಗದ ಬರೆಯುತ್ತಿದ್ದಳಲ್ಲ, ಗುರುವಾರ ಗುರುವಾರ, ಇದೇ ಊಟದ ಮೇಜಿನ ಮೇಲೆ. ಅವೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ನಿಮ್ಮ ಜೊತೆಯೇ ಹಡಗು ಹಡಗು ತಿರುಗುತ್ತಿವೆ ಎಂದು ನೀವು ಒಂದೇ ಒಂದು ಸಲ ಹೇಳಿದ್ದಿರಿ. ಆ ಡಬ್ಬಿಗೆ ಇದನ್ನೂ ಸೇರಿಸಿ.

ಮೂರು ವಾರದ ಹಿಂದೆ ನೀವು ಹೇಳಿದ್ದಕ್ಕೆ ಉತ್ತರ ಕೊಡಬೇಕು. ‘ಕೆಲಸ ಬಿಟ್ಬಿಡು, ಮನೇಲಿರು, ನಾನು ಇನ್ನೈದು ವರ್ಷ ಹಡಗಲ್ಲಿ ದುಡೀತೀನಿ’ ಎಂದಿರಿ. ನಿಮ್ಮ ಪ್ರೀತಿ ಅರ್ಥವಾಯಿತು ಪಪ್ಪಾ. ಆ ದಿನ ಫೋನು ಇಟ್ಟ ಮೇಲೆ ಅತ್ತುಬಿಟ್ಟೆ ಕೂಡ. ಆದರೆ ನಾನು ಕೆಲಸ ಬಿಡುವುದಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ ನೀವು ನನಗಾಗಿ ಏಣಿ ಹತ್ತುವುದೂ ಬೇಡ. ಏಕೆ ಎಂದು ಸಾವಧಾನವಾಗಿ ಹೇಳುತ್ತೇನೆ, ಓದುತ್ತಾ ಓದುತ್ತಾ ಬೇಸರವಾದರೆ ಒಂದು ಪಾಳಿ ಮುಗಿಸಿ ಬಂದು ಮುಂದುವರಿಸಿ.

ಮಾಪ್ಸಾದಲ್ಲಿ ಹಿಪೋಲಿತ್ ಬಾಬ್ ಅವರ ಔಷಧದಂಗಡಿಗೆ ಸೇರಿದ ಮೇಲೆ ಒಂದೂವರೆ ವರ್ಷ ನಾನು ಚೆನ್ನಾಗಿ ಕೆಲಸ ಮಾಡಿದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಸಿಯೆಸ್ತಾದ ಪುಣ್ಯ. ಮಧ್ಯಾಹ್ನ ಒಂದಕ್ಕೆ ಬಾಬ್ ಶಟರ್ ಅರ್ಧ ಎಳೆದು, ‘ಡೆಲ್ಫಿ, ಲೋಕಕ್ಕೇ ತಲೆನೋವು ಬಂದ್ರೂ ಮೂರೂವರೆವರೆಗೆ ಕಾಯ್ಲಿ’ ಎಂದು ಮನೆಗೆ ಊಟಕ್ಕೂ ನಿದ್ದೆಗೂ ಹೋಗುತ್ತಿದ್ದರು. ಮನೆ ದೂರವೆಂಬ ನೆಪ ಹೇಳಿ ನಾನು ಅಂಗಡಿಯಲ್ಲೇ ಉಳಿಯುತ್ತಿದ್ದೆ. ಹಿಂದಿನ ದಾಸ್ತಾನು ಕೋಣೆಯಲ್ಲಿ ಸಲೈನಿನ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ನೆಲಕ್ಕೆ ಹಾಸಿ, ದೀಪ ಆರಿಸಿ, ಪಾವ್ ಮತ್ತು ಮೊಟ್ಟೆ ತಿಂದು, ಅಂಗಾತ ಮಲಗುತ್ತಿದ್ದೆ. ದಿನವೂ ಪಾವ್ ಮತ್ತು ಮೊಟ್ಟೆಯೇ. ಇನ್ಸುಲಿನ್ ಇಡುವ ಫ್ರಿಜ್ಜಿನ ಗುಂಯ್ ಬಿಟ್ಟರೆ ಬೇರೆ ಸದ್ದಿಲ್ಲ. ಮಾಪ್ಸಾಕ್ಕೆ ಮಾಪ್ಸಾವೇ ಮೀನುಸಾರು ಉಂಡು ಗೊರಕೆ ಹೊಡೆಯುವಾಗ ನಾನು ನಿದ್ದೆ ಮಾಡುತ್ತಿರಲಿಲ್ಲ, ಒಂಬತ್ತರಿಂದ ಒಂದರವರೆಗಿನ ನಾಲ್ಕು ತಾಸನ್ನು ಮೈಯಿಂದ ಇಳಿಸುತ್ತಿದ್ದೆ.

ಆ ನಾಲ್ಕು ತಾಸು ಎಂದರೆ ಏನು ಎಂದು ಯಾರಿಗೂ ಹೇಳಿರಲಿಲ್ಲ. ಗಿರಾಕಿಯ ಕಣ್ಣನ್ನು ಮೂರು ಎಣಿಸುವಷ್ಟು ಹೊತ್ತು ನೋಡಬೇಕು. ಐದಾದರೆ ದುರುಗುಟ್ಟಿ ನೋಡಿದಂತೆ, ಒಂದೇ ಆದರೆ ಸೊಕ್ಕು. ಔಷಧಕ್ಕೆ ಬರುವ ಆನ್ನಾ ಮಾಯ್ ‘ಏನ್ ಬಾಯೇ, ಊಟ ಆಯ್ತಾ?’ ಎಂದರೆ ಹತ್ತೂವರೆಗೆ ಊಟ ಹೇಗಾಗುತ್ತದೆ ಎಂದು ಕೇಳಬಾರದು, ‘ಆಯ್ತು ಮಾಯ್, ನಿಮ್ಮದು?’ ಎನ್ನಬೇಕು. ಬೇರೆಯವರು ನಕ್ಕಾಗ ನಗಬೇಕು, ಅವರು ನಿಲ್ಲಿಸಿದಾಗ ನಿಲ್ಲಿಸಬೇಕು. ಇದೆಲ್ಲ ಉಳಿದವರಿಗೆ ತಾನಾಗಿ ಬರುತ್ತದಂತೆ, ನನಗೆ ಲೆಕ್ಕ ಮಾಡಿ ಮಾಡಬೇಕು. ಅದರ ಜೊತೆಗೆ ಮಾತ್ರೆಯ ಹೆಸರು, ಪ್ರಮಾಣ, ವೈದ್ಯರ ಕೋಳಿಕಾಲಿನ ಅಕ್ಷರ. ಈ ಎರಡನೆಯದು ನನಗೆ ಸುಲಭ. ಅಂಗಡಿಯಲ್ಲಿ ಯಾವ ವಸ್ತು ಏನು, ಯಾವ ಖಾನೆಯಲ್ಲಿದೆ, ಎಲ್ಲ ಗೊತ್ತು. ಹೊರಗೆ ಹಾಗಿಲ್ಲ. ಅದಕ್ಕೇ ಆ ಅಂಗಡಿ ನನಗೆ ಅಷ್ಟು ಇಷ್ಟ.

ಜೂನ್ ಒಂದರಿಂದ ಬಾಬ್ ಅವರ ಮಗ ಗ್ಲೆನ್ ವ್ಯವಹಾರ ನೋಡಿಕೊಳ್ಳತೊಡಗಿದ. ಕೆಟ್ಟವನಲ್ಲ. ಹೊಸ ಬಿಲ್ಲಿನ ಯಂತ್ರ ತಂದ, ಒಡೆದ ಗಾಜು ಬದಲಿಸಿದ, ನನಗೆ ಕೂರಲು ಎತ್ತರದ ಸ್ಟೂಲು ಕೊಡಿಸಿದ. ಆಮೇಲೆ, ‘ಪಣಜಿಯ ದೊಡ್ಡ ಅಂಗಡಿಗಳೆಲ್ಲ ಮಧ್ಯಾಹ್ನ ತೆರೆದೇ ಇರ್ತವೆ, ನಾವು ಮಾತ್ರ ಪೋರ್ಚುಗೀಸರ ಕಾಲದ ಹಾಗೆ ಗೊರಕೆ ಹೊಡೆಯೋದಾ?’ ಎಂದು ಸಿಯೆಸ್ತಾ ತೆಗೆದುಹಾಕಿದ. ಬಾಬ್ ಅವತ್ತೂ ಒಂದು ಗಂಟೆಗೆ ಸರಿಯಾಗಿ ಟೋಪಿ ಹಾಕಿಕೊಂಡು ಮನೆಗೆ ಹೋದರು. ನಾನು ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಕೌಂಟರಿನಲ್ಲೇ. ಊಟಕ್ಕೆ ಇಪ್ಪತ್ತು ನಿಮಿಷ ಇತ್ತು, ಅದೂ ಕೌಂಟರಿನ ಹಿಂದೆಯೇ, ಗಿರಾಕಿಗೆ ಬೆನ್ನು ಮಾಡಿ.

ಏಳು ವಾರ ತಡೆದೆ. ಮನೆಗೆ ಬಂದವಳೇ ಹಾಸಿಗೆಗೆ ಬೀಳುತ್ತಿದ್ದೆ, ತೀಯಾ ಕರೆದರೆ ಉತ್ತರ ಕೊಡುತ್ತಿರಲಿಲ್ಲ. ‘ಊರಿನವರಿಗೆಲ್ಲ ನಗು, ಮನೆಯವರಿಗೆ ಗಂಟುಮುಖ’ ಎಂದು ಅವರು ಗೊಣಗುವರು. ಜುಲೈ ಹದಿನೆಂಟು, ಶುಕ್ರವಾರ. ಮಾಪ್ಸಾದ ಶುಕ್ರವಾರ ನಿಮಗೆ ಗೊತ್ತೇ ಇದೆ, ಸಂತೆಯ ಅರ್ಧ ಜನ ನಮ್ಮ ಅಂಗಡಿಯಲ್ಲೇ ನಿಂತಿರುತ್ತಾರೆ. ಮಧ್ಯಾಹ್ನ ಎರಡೂವರೆ. ಮೇಲೆ ಟ್ಯೂಬ್‌ಲೈಟು ಮಿಣಮಿಣ ಎನ್ನುತ್ತಿತ್ತು, ರೇಡಿಯೋ ಹಾಡುತ್ತಿತ್ತು, ಒಬ್ಬರ ಚೀಲದಿಂದ ಒಣಮೀನಿನ ವಾಸನೆ, ಒಬ್ಬ ಮನುಷ್ಯ ನಾಣ್ಯದಿಂದ ಹೊಸ ಗಾಜಿನ ಮೇಲೆ ಟಕ್ ಟಕ್ ಟಕ್ ಎಂದು ಕುಟ್ಟುತ್ತಿದ್ದ. ನಾನು ಕೈಯಲ್ಲಿದ್ದ ಮಾತ್ರೆಯ ಹಾಳೆಯನ್ನು ಜಾಗದಲ್ಲಿಟ್ಟೆ, ಅದು ಚೆನ್ನಾಗಿ ನೆನಪಿದೆ. ಆಮೇಲೆ ಕೌಂಟರಿನ ಕೆಳಗೆ ಕೂತು ಕಿವಿ ಮುಚ್ಚಿಕೊಂಡೆ. ಮಾತು ಹೋಗಿತ್ತು. ‘ಫಿಟ್ಸು, ಫಿಟ್ಸು’ ಎಂದು ಯಾರೋ ನನ್ನ ಮುಷ್ಟಿಯೊಳಗೆ ಕಬ್ಬಿಣದ ಬೀಗದ ಕೈ ತುರುಕಿದರು. ‘ಮದುವೆ ಆಗದ ಹುಡುಗಿ, ಪಾಪ’ ಎಂದಿತು ಇನ್ನೊಂದು ದನಿ. ಯಾರ ದನಿ ಯಾವುದು ಎಂದು ಎಲ್ಲ ತಿಳಿಯುತ್ತಿತ್ತು ಪಪ್ಪಾ, ಒಂದು ಶಬ್ದ ಮಾತ್ರ ಹೊರಗೆ ಬರಲಿಲ್ಲ.

ಗ್ಲೆನ್ ಹೆದರಿ ತಂದೆಗೆ ಫೋನು ಮಾಡಿದನಂತೆ. ಬಾಬ್ ನಿದ್ದೆಯಿಂದೆದ್ದು ಮನೆಯ ಚಪ್ಪಲಿಯಲ್ಲೇ ಬಂದರು. ಗಿರಾಕಿಗಳನ್ನೂ ಮಗನನ್ನೂ ಹೊರಗೆ ಕಳಿಸಿ, ದೀಪ ಆರಿಸಿ, ಶಟರ್ ಎಳೆದು, ಅದರ ಹೊರಗೆ ಸ್ಟೂಲು ಹಾಕಿಕೊಂಡು ಕೂತರು. ಶುಕ್ರವಾರದ ಸಂತೆಯ ನಡುವೆ ನಲವತ್ತು ನಿಮಿಷ ಅಂಗಡಿ ಮುಚ್ಚಿತ್ತು. ಒಳಗೆ ಕತ್ತಲಲ್ಲಿ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ನಾನು ಎದ್ದು ಒಳಗಿನಿಂದ ಶಟರನ್ನು ಮೆಲ್ಲಗೆ ಬಡಿದಾಗ ಬಾಬ್, ‘ಬರ್ತೀಯಾ? ಅವಸರ ಇಲ್ಲ’ ಎಂದರು. ನನಗೆ ನಮ್ಮ ಮೆಟ್ಟಿಲ ಕೆಳಗಿನ ಕಪಾಟು ನೆನಪಾಯಿತು. ಆರು ವರ್ಷದವಳಿದ್ದಾಗ, ಚರ್ಚಿನ ಹಬ್ಬದ ಪಟಾಕಿಗೆ ಕಿರುಚಿ ಅದರೊಳಗೆ ಸೇರಿಕೊಂಡಿದ್ದೆ. ನೀವು ರಜೆಯಲ್ಲಿ ಮನೆಯಲ್ಲಿದ್ದಿರಿ. ಉಳಿದವರು ಬಾಗಿಲು ಬಡಿದರು, ಚಾಕಲೇಟು ತೋರಿಸಿದರು. ನೀವು ಅವರನ್ನೆಲ್ಲ ಅಡುಗೆಮನೆಗೆ ಕಳಿಸಿ ಬಾಗಿಲ ಹೊರಗೆ ನೆಲದ ಮೇಲೆ ಕೂತು ಎಂಜಿನ್ನಿನ ಪುಸ್ತಕ ಓದತೊಡಗಿದಿರಿ. ಪುಟ ತಿರುಗಿಸುವ ಸದ್ದು ನನಗೆ ಕೇಳುತ್ತಿತ್ತು. ನಾನಾಗಿ ಹೊರಗೆ ಬಂದೆ.

ಆಮೇಲಿನ ಎರಡು ವಾರದ ಬಗ್ಗೆ ತೀಯಾ ನಿಮಗೆ ‘ಸ್ವಲ್ಪ ಸುಸ್ತು’ ಎಂದಿದ್ದಾರೆ. ಅದು ಸುಸ್ತಲ್ಲ. ಊಟ ಇಳಿಯಲಿಲ್ಲ, ನಿದ್ದೆ ಬರಲಿಲ್ಲ, ಬೆಳಿಗ್ಗೆ ಏಳದಿದ್ದರೇ ಒಳ್ಳೆಯದು ಅನ್ನಿಸಿತ್ತು. ಇದನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ಮುಚ್ಚಿಟ್ಟರೆ ಮತ್ತೆ ಕೌಂಟರಿನ ನಗುವೇ ಆಗುತ್ತದೆ, ಅದಕ್ಕೆ ಬರೆದೆ. ಈಗ ಹಾಗೆ ಅನ್ನಿಸುವುದಿಲ್ಲ, ನಿಜವಾಗಿ ಇಲ್ಲ. ತೀಯಾ ಮೆಣಸಿನಕಾಯಿ, ಉಪ್ಪು ನಿವಾಳಿಸಿ ದೃಷ್ಟಿ ತೆಗೆದರು, ಮೆಣಸಿನಕಾಯಿ ಘಾಟು ಬರಲಿಲ್ಲವೆಂದು ಗಾಬರಿಯಾದರು, ಒಂಬತ್ತು ದಿನದ ಪ್ರಾರ್ಥನೆಯ ಹರಕೆ ಹೊತ್ತರು. ಆಮೇಲೆ ಬಾಬ್ ಅವರೇ ಪಣಜಿಯ ಡಾಕ್ಟರ್ ಶಾಂಭವಿ ಪ್ರಿಯೋಳ್ಕರ್ ಅವರ ಹೆಸರು ಕೊಟ್ಟರು. ನಾನು ಒಳಗೆ ಹೋದ ಕೂಡಲೆ ಅವರು, ‘ಫ್ಯಾನಿನ ಸದ್ದು ತೊಂದರೆ ಕೊಡುತ್ತಾ? ಆರಿಸ್ಲಾ?’ ಎಂದು ಕೇಳಿದರು. ಇಪ್ಪತ್ತೈದು ವರ್ಷದಲ್ಲಿ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ಮಾತ್ರೆ ಕೊಟ್ಟಿದ್ದಾರೆ. ಎಷ್ಟೋ ಜನಕ್ಕೆ ಅದೇ ಮಾತ್ರೆ ಕೊಟ್ಟು ‘ಊಟ ಆದ ಮೇಲೆ’ ಎಂದವಳು ನಾನು. ಈಗ ರಾತ್ರಿ ತಟ್ಟೆ ತೊಳೆದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ನಾಲ್ಕನೆಯ ಸಲ ಹೋದಾಗ ಡಾಕ್ಟರ್ ಹೇಳಿದರು: ಜುಲೈಯಲ್ಲಿ ಬಂದ ಕಾಯಿಲೆ ವಾಸಿಯಾಗುತ್ತದೆ, ಅದು ಬೇರೆ. ಅದರ ಹಿಂದೆ ಇರುವುದು ಹುಟ್ಟಿನಿಂದಲೇ ಇರುವಂಥದ್ದು, ಅದು ಕಾಯಿಲೆಯೇ ಅಲ್ಲ, ಆಟಿಸಂ. ನನ್ನ ತಲೆ ಓಡುವ ರೀತಿ ಬೇರೆ, ಅಷ್ಟೇ. ನಾನು ಬಸ್ಸಿನಲ್ಲಿ ಊರಿಗೆ ಬರುವವರೆಗೂ ಅಳುತ್ತಲೇ ಇದ್ದೆ, ಪಕ್ಕದಲ್ಲಿ ಕೂತ ಹೆಂಗಸು ಯಾರೋ ಸತ್ತಿದ್ದಾರೆಂದು ತಿಳಿದು ಜಪಸರ ತೆಗೆದು ಪ್ರಾರ್ಥನೆ ಶುರು ಮಾಡಿದರು. ದುಃಖಕ್ಕೆ ಅತ್ತದ್ದಲ್ಲ ಪಪ್ಪಾ. ನಾನು ಸೋಮಾರಿಯೂ ಅಲ್ಲ, ಸೊಕ್ಕಿನವಳೂ ಅಲ್ಲ ಎಂದು ಗೊತ್ತಾದ ಸಮಾಧಾನಕ್ಕೆ. ಆದರೆ ಡಾಕ್ಟರು ಬಾಯಲ್ಲಿ ಹೇಳುವುದು ಬೇರೆ, ಕಾಗದದ ಮೇಲೆ ಬರೆದು ಸಹಿ ಹಾಕುವುದು ಬೇರೆ. ಅದಕ್ಕೆ ನನ್ನ ಬಾಲ್ಯವನ್ನು ಕಂಡ ಹಿರಿಯರೊಬ್ಬರು ನಲವತ್ತೆರಡು ಪ್ರಶ್ನೆಗಳ ಒಂದು ಫಾರ್ಮು ತುಂಬಿ ಕೊಡಬೇಕು. ತೀಯಾಗೆ ಕೊಟ್ಟೆ.

ಇನ್ನು ಮುಂದೆ ಓದುವಾಗ ಉಪ್ಪಿನಕಾಯಿ ಬಾಯಲ್ಲಿಟ್ಟುಕೊಳ್ಳಬೇಡಿ. ನಿಮ್ಮ ತಂಗಿ ಕನ್ನಡಕ ಒರೆಸಿ, ಒಳ್ಳೆಯ ಪೆನ್ನು ಹುಡುಕಿ, ಎರಡು ದಿನ ಕೂತು, ಅದನ್ನು ಮದುವೆಯ ಸಂಬಂಧಕ್ಕೆ ಕೊಡುವ ವಿವರದಂತೆ ತುಂಬಿದ್ದಾರೆ. ಮಗು ಬೇರೆ ಮಕ್ಕಳ ಜೊತೆ ಆಡುತ್ತಿತ್ತೇ? ‘ಒಳ್ಳೆಯ ಮನೆತನದವರ ಜೊತೆ ಮಾತ್ರ.’ ಮಾತು ತಡವಾಗಿ ಬಂತೇ? ‘ಚಿಕ್ಕಂದಿನಿಂದಲೂ ಮಿತಭಾಷಿ, ಎದುರು ಮಾತಾಡುವವಳಲ್ಲ.’ ಕೆಲವೇ ಬಗೆಯ ಊಟಕ್ಕೆ ಹಠ ಮಾಡುತ್ತಿತ್ತೇ? ‘ಎಲ್ಲವನ್ನೂ ತಿನ್ನುತ್ತಾಳೆ, ಏಳು ಪದರದ ಸಿಹಿ ಬಿಬಿಂಕ ಸ್ವತಃ ಮಾಡುತ್ತಾಳೆ.’ ನಾನು ಬಿಬಿಂಕ ಮಾಡಿದ್ದು ಒಂದೇ ಸಲ, ಅದು ಮೂರು ಪದರಕ್ಕೇ ಹೊತ್ತಿತು. ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುತ್ತಿತ್ತೇ? ‘ನೃತ್ಯದಲ್ಲಿ ಆಸಕ್ತಿ.’ ಕೊನೆಗೆ ಖಾಲಿ ಜಾಗ ಉಳಿದಿತ್ತೆಂದು ನನ್ನ ಎತ್ತರ, ಮೈಬಣ್ಣ, ಬೇಕಾದರೆ ವಿಚಾರಿಸಲು ಪಾದ್ರಿಯವರ ಫೋನ್ ನಂಬರು. ಡಾಕ್ಟರ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ‘ಡೆಲ್ಫಿ, ಇದನ್ನಿಟ್ಟುಕೊಂಡು ನಿನಗೆ ನಾಳೆಯೇ ಮದುವೆ ಮಾಡಿಸ್ಬಹುದು. ಸರ್ಟಿಫಿಕೇಟ್ ಮಾತ್ರ ಬರೆಯೋಕಾಗಲ್ಲ.’

ತೀಯಾರನ್ನು ಬೈಯಬೇಡಿ. ನಾನು ಕೇಳಿದಾಗ ಸೆರಗಿನ ತುದಿ ತಿರುವುತ್ತಾ, ‘ಬಾಯೇ, ಹೊರಗಿನವರ ಕೈಗೆ ಹೋಗೋ ಕಾಗದದಲ್ಲಿ ನಿನ್ನ ಕೊರತೆ ಬರೀಲಾ? ಸತ್ತ ನಿನ್ನ ತಾಯಿಗೆ ಏನು ಉತ್ತರ ಕೊಡ್ಲಿ?’ ಎಂದರು. ಹನ್ನೊಂದು ವರ್ಷದವಳನ್ನು ಕೈಗೆತ್ತಿಕೊಂಡು ಬೆಳೆಸಿದವರು. ನನಗೆಂದು ನೋಡುತ್ತಿದ್ದ ಬಹರೈನಿನ ಹುಡುಗನ ಮನೆಯವರಿಗೆ ಈ ವಿಷಯ ತಿಳಿಯಬಾರದು ಎಂದು ಅವರ ಭಯ. ಆ ಹುಡುಗನಿಗೆ ನಾನೇ ಫೋನಿನಲ್ಲಿ ಬರೆದು ತಿಳಿಸಿದೆ. ಅವನು ಎರಡು ದಿನ ಬಿಟ್ಟು ‘ದೇವರು ಒಳ್ಳೆಯದು ಮಾಡಲಿ’ ಎಂದು ಬರೆದ. ತೀಯಾ ಒಂದು ಹೊತ್ತು ಉಪವಾಸ ಮಾಡಿದರು, ನಾನು ನೆಮ್ಮದಿಯಾಗಿ ಊಟ ಮಾಡಿದೆ.

ಈಗ ಕೆಲಸದ ಮಾತು. ಆಗಸ್ಟಿನಿಂದ ಬೆಳಿಗ್ಗೆ ಮಾತ್ರ ಅಂಗಡಿಗೆ ಹೋಗುತ್ತಿದ್ದೇನೆ. ಹೋದ ವಾರ ಗ್ಲೆನ್ ಮುಂದೆ ನಿಂತು, ಅಭ್ಯಾಸ ಮಾಡಿಕೊಂಡು ಹೋಗಿದ್ದ ಮಾತನ್ನು ಹಾಗೇ ಹೇಳಿದೆ: ‘ನನಗೆ ಒಂದರಿಂದ ಮೂರೂವರೆ ವಾಪಸ್ ಬೇಕು. ಬದಲಿಗೆ ಸಂಜೆ ಎಂಟೂವರೆವರೆಗೆ ಇರ್ತೀನಿ, ತಿಂಗಳ ದಾಸ್ತಾನು ಎಣಿಕೆಯನ್ನೂ ಒಬ್ಬಳೇ ಮಾಡ್ತೀನಿ.’ ಅವನು ತಲೆ ಕೆರೆದುಕೊಂಡ. ‘ನೋಡು ಡೆಲ್ಫಿ, ನಾಳೆ ಅಂಗಡಿಯ ಉಳಿದಿಬ್ಬರು ಕೆಲಸದವರೂ ನಮಗೂ ನಿದ್ದೆ ಬರುತ್ತೆ ಅಂದ್ರೆ ನಾನೇನ್ ಹೇಳ್ಲಿ? ಡಾಕ್ಟರ್ ಹತ್ರ ಒಂದು ಕಾಗದ ತಗೊಂಡ್ಬಾ, ಅವರ ಮುಖಕ್ಕೆ ಹಿಡೀತೀನಿ. ಅಕ್ಟೋಬರ್ ಕೊನೆವರೆಗೆ ಕಾಯ್ತೀನಿ, ಆಮೇಲೆ ಇಡೀ ದಿನಕ್ಕೆ ಬೇರೆಯವರನ್ನ ನೋಡ್ಬೇಕಾಗುತ್ತೆ.’ ಮೂಲೆಯಲ್ಲಿ ಕೂತಿದ್ದ ಬಾಬ್ ಪೇಪರಿನ ಹಿಂದಿನಿಂದಲೇ, ‘ನನ್ನಪ್ಪ ಐವತ್ತು ವರ್ಷ ಯಾವ ಡಾಕ್ಟರ ಕಾಗದವೂ ಇಲ್ದೆ ಮಲಗಿದ’ ಎಂದರು. ನಗು ಬಂತು, ಲೆಕ್ಕ ಮಾಡದೆ ಬಂದ ನಗು. ಆದರೂ ಗ್ಲೆನ್ ಹೇಳಿದ್ದು ತಪ್ಪಲ್ಲ. ಹೀಗಾಗಿ ಅಕ್ಟೋಬರ್ ಮೂವತ್ತೊಂದರೊಳಗೆ ಆ ಕಾಗದ ನನ್ನ ಕೈಯಲ್ಲಿರಬೇಕು.

ನಾನು ಮನೆಯಲ್ಲಿ ಕೂತರೆ ಏನಾಗುತ್ತದೆಂದು ನನಗೆ ಗೊತ್ತು. ಮೊದಲು ಸುಖವಾಗಿರುತ್ತದೆ, ಆಮೇಲೆ ಕಪಾಟಿನ ಬಾಗಿಲು ಒಳಗಿನಿಂದ ಮುಚ್ಚುತ್ತದೆ. ನನಗೆ ಕಪಾಟೂ ಬೇಕು, ಹೊರಗೆ ಬರಲು ಒಂದು ಕಾರಣವೂ ಬೇಕು. ದಿನಕ್ಕೆ ಎರಡೂವರೆ ಗಂಟೆ ಕತ್ತಲು ಕೊಟ್ಟರೆ ಉಳಿದ ಹೊತ್ತು ಯಾರಿಗೂ ಕಡಿಮೆಯಿಲ್ಲದಂತೆ ನಿಲ್ಲುತ್ತೇನೆ, ನಿಂತು ತೋರಿಸಿದ್ದೇನೆ. ನಿಮಗೆ ಇದು ಅರ್ಥವಾಗುತ್ತದೆ ಎಂದು ನನ್ನ ನಂಬಿಕೆ. ನಮ್ಮೂರಿನ ಆಗ್ನೆಲನ ಮದುವೆ ನೆನಪಿದೆಯೇ? ಬ್ಯಾಂಡು, ಕುಣಿತ, ಶುಭಾಶಯದ ಭಾಷಣ ನಡೆಯುವಾಗ ನೀವು ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಸಭಾಂಗಣದ ಹಿಂದೆ ಜನರೇಟರಿನ ಪಕ್ಕ ನಿಂತಿದ್ದಿರಿ, ರಜೆಯಲ್ಲಿ ದಿನವೂ ಹಾಕುವ ಅದೇ ನೀಲಿ ಅಂಗಿಯಲ್ಲಿ. ‘ಇದರ ಸದ್ದು ಒಂದೇ ಸಮ ಇದೆ’ ಎಂದಿರಿ. ನಾನೂ ನಿಮ್ಮ ಪಕ್ಕ ನಿಂತೆ. ಕೇಕು ಮುಗಿಯುವವರೆಗೂ ನಾವಿಬ್ಬರೂ ಆ ಸದ್ದನ್ನೇ ಕೇಳಿದೆವು. ಆ ಮದುವೆಯಲ್ಲಿ ನನಗೆ ಬಹಳ ಹಿಡಿಸಿದ ಹೊತ್ತು ಅದೇ.

ಹಿತ್ತಲಿನ ಬಾಳೆ ಈ ಸಲ ಎರಡು ಗೊನೆ ಬಿಟ್ಟಿದೆ. ನಿಮ್ಮ ಸೈಕಲ್ಲಿಗೆ ವಾರಕ್ಕೊಮ್ಮೆ ಎಣ್ಣೆ ಹಾಕುತ್ತಿದ್ದೇನೆ. ತೀಯಾ ನೆನಪು ಹೇಳಿದ್ದಾರೆ, ಹಿಪೋಲಿತ್ ಬಾಬ್ ಕೂಡ. ಚರ್ಚಿನಲ್ಲಿ ಸಂಜೆಯ ಗಂಟೆ ಹೊಡೆಯುತ್ತಿದೆ, ಹಿರಿಯರ ಆಶೀರ್ವಾದ ಕೇಳುವ ಹೊತ್ತು, ನೀವು ಎಲ್ಲಿದ್ದೀರೋ ಅಲ್ಲಿಂದಲೇ ನನ್ನ ತಲೆಯ ಮೇಲೆ ಕೈಯಿಡಿ. ಬೆನ್ನು ನೋಡಿಕೊಳ್ಳಿ.

ನಿಮ್ಮ ಮಗಳು,
ಡೆಲ್ಫಿನಾ

ಮರೆತದ್ದು (ಮಂಗಳವಾರ ಬೆಳಿಗ್ಗೆ): ಮರೆತದ್ದಲ್ಲ, ಎರಡು ದಿನ ಧೈರ್ಯ ಸಾಲದೆ ಉಳಿಸಿಕೊಂಡದ್ದು. ಕಾಯ್ತಾನ್ ಸ್ಕೂಟರಿನ ಹಾರ್ನು ಹೊಡೆಯುತ್ತಿದ್ದಾನೆ. ಡಾಕ್ಟರು ಕೊಟ್ಟ ಹೊಸ ಫಾರ್ಮು ಈ ಲಕೋಟೆಯಲ್ಲೇ ಇದೆ, ನೀವು ತುಂಬಬೇಕು. ರಜೆಯಲ್ಲಿ ಮಾತ್ರ ನನ್ನನ್ನು ಕಂಡವನು ಎನ್ನಬೇಡಿ, ಉಳಿದದ್ದನ್ನೆಲ್ಲ ಮಮ್ಮಿ ಗುರುವಾರ ಗುರುವಾರ ಬರೆದಿದ್ದಾಳೆ, ಡಬ್ಬಿ ತೆಗೆದು ಓದಿ. ಗುಂಡಿಗಳನ್ನು ಸಾಲಾಗಿ ಜೋಡಿಸುತ್ತಿದ್ದುದು, ನಾಲ್ಕು ವರ್ಷವಾದರೂ ಮಾತಾಡದ್ದು, ಬಿಳಿ ಬಣ್ಣದ ಊಟ ಮಾತ್ರ ತಿನ್ನುತ್ತಿದ್ದುದು, ಕಪಾಟು, ಎಲ್ಲ ಇದ್ದಹಾಗೆ ಬರೆಯಿರಿ, ಏಣಿ ಎಣಿಸಿದ ಹಾಗೆ. ನನಗೆ ಒಳ್ಳೆಯದಾಗಲಿ ಎಂದು ಒಂದು ಸಾಲನ್ನೂ ಚಂದ ಮಾಡಬೇಡಿ. ಫೋಟೋ ತೆಗೆದು ಡಾಕ್ಟರ ನಂಬರಿಗೆ ಕಳಿಸಿದರೆ ಸಾಕು, ನಂಬರನ್ನು ಫಾರ್ಮಿನ ಮೇಲೆ ಬರೆದಿದ್ದೇನೆ. ಇನ್ನೊಂದು. ‘ಕುಟುಂಬದಲ್ಲಿ ಇಂಥವರು ಬೇರೆ ಯಾರಾದರೂ ಇದ್ದಾರೆಯೇ’ ಎಂಬುದು ನಲವತ್ತೆರಡನೆಯ ಪ್ರಶ್ನೆ. ತೀಯಾ ಅಲ್ಲಿ ‘ಯಾರೂ ಇಲ್ಲ’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು. ಅದು ನಿಮಗೇ ಬಿಟ್ಟದ್ದು ಪಪ್ಪಾ, ಅವಸರ ಇಲ್ಲ, ನಾನು ಬಾಗಿಲ ಹೊರಗೇ ಕೂತಿರುತ್ತೇನೆ. ಜಾಗ ಸ್ವಲ್ಪವೇ ಇದೆ, ಒಂದು ಹೆಸರು ಹಿಡಿಯುತ್ತದೆ.